ಮಹಾಮಾರಿಯೂ ಮತಶ್ರದ್ಧೆಯೂ: ತಪ್ಪು ಕಲ್ಪನೆ ಮತ್ತು ಸತ್ಯ

1347ನೆಯ ಇಸವಿಯ ಶರತ್ಕಾಲದಲ್ಲಿ ಹಡಗುಗಳೊಡನೆ ಬಂದು, ಸಿಸಿಲಿಯ ಮೆಸ್ಸೀನಾ ರೇವಿನಲ್ಲಿಯೂ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿಯೂ ಹೆಚ್ಚುಕಡಿಮೆ ಏಕಕಾಲದಲ್ಲಿ ಕಾಲಿರಿಸಿದ ಪ್ಲೇಗು, ಶಿಲುಬೆಗೆ ಕೈಮುಗಿಯುವವರು ಯಾರು, ಕಾಬಾದತ್ತ ಮುಖಮಾಡಿ ನಮಿಸುವವರು ಯಾರು ಎಂಬುದನ್ನು ಕೇಳಲಿಲ್ಲ. ಕಂಕುಳಲ್ಲಿಯೋ ತೊಡೆಸಂದಿನಲ್ಲಿಯೋ ಗಡ್ಡೆಯೆದ್ದು ಜ್ವರವೇರಿದವರು ಕೆಲವೇ ದಿನಗಳಲ್ಲಿ ಪ್ರಾಣ ಬಿಡುತ್ತಿದ್ದರು; ಯುರೋಪಿನಲ್ಲಿ ಮಾತ್ರವೇ ನಾಲ್ಕು ವರ್ಷಗಳೊಳಗೆ ಮೂವರಲ್ಲಿ ಒಬ್ಬರಾದರೂ ಹೀಗೆ ಗತಿಸಿದರೆಂಬುದು ಚರಿತ್ರಕಾರರ ಸಾಮಾನ್ಯ ಅಂದಾಜು. ರೋಗಕಾರಕವಾದ ಸೂಕ್ಷ್ಮಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿಯು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದದ್ದು 1894ರಲ್ಲಿ. ಅದನ್ನು ಇಲಿಯಿಂದ ಹೊತ್ತು ತರುವುದು ಚಿಗಟವೆಂಬುದನ್ನು ಸಿಮಾಂಡ್ ಎಂಬ ವೈದ್ಯನು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು 1898ರಲ್ಲಿ. ಅದಕ್ಕೆ ಐದೂವರೆ ಶತಮಾನಗಳ ಹಿಂದೆ ಬದುಕಿದ್ದವರನ್ನು ಅಳೆಯುವಾಗ ನಾವು ಕೇಳಬೇಕಾದ ಪ್ರಶ್ನೆ ಅವರಿಗೆ ಏನು ತಿಳಿದಿರಲಿಲ್ಲ ಎಂಬುದಲ್ಲ. ಕಣ್ಣೆದುರಿಗೆ ಕಂಡುದರಿಂದ ಅವರು ಏನನ್ನು ಅರಿತುಕೊಂಡರು, ಏನನ್ನು ಮಾಡಿದರು ಎಂಬುದು. ಈ ವಿಷಯದಲ್ಲಿ ನಮ್ಮ ನಡುವೆ ಬಳಕೆಯಲ್ಲಿರುವ ಕೆಲವು ಕಲ್ಪನೆಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸೋಣ.

ಕಲ್ಪನೆ 1: ಕ್ರೈಸ್ತರು ಪ್ಲೇಗನ್ನು ಪಾಪದ ಫಲವೆಂದಷ್ಟೇ ನಂಬಿ, ಮೈಗೆ ಚಾಟಿ ಬೀಸಿಕೊಳ್ಳುತ್ತ ಕಾಲ ಕಳೆದರು.

ಸತ್ಯ: ದೈವಕೋಪವೆಂಬ ನಂಬಿಕೆ ಸಾರ್ವತ್ರಿಕವಾಗಿತ್ತೆಂಬುದು ನಿಜ. ಆದರೆ ಆ ಕೋಪವು ಪ್ರಕೃತಿಯ ಮೂಲಕವೇ ಕಾರ್ಯಗತವಾಗುತ್ತದೆಂದು ತಿಳಿದಿದ್ದ ಪಂಡಿತರು ಪ್ರಾಕೃತಿಕ ಕಾರಣವನ್ನು ಅರಸುವುದನ್ನು ಅಧರ್ಮವೆಂದು ಎಣಿಸಲಿಲ್ಲ. 1348ರಲ್ಲಿ ಫ್ರಾನ್ಸಿನ ದೊರೆಯು ಕೇಳಲಾಗಿ ಪ್ಯಾರಿಸ್ ವಿಶ್ವವಿದ್ಯಾಲಯದ ವೈದ್ಯಾಚಾರ್ಯರು ಕೊಟ್ಟ ವರದಿಯು, 1345ರ ಮಾರ್ಚಿನಲ್ಲಿ ಶನಿ, ಗುರು, ಕುಜರು ಕುಂಭರಾಶಿಯಲ್ಲಿ ಕೂಡಿದುದರಿಂದ ವಾಯುವು ಕೆಟ್ಟು ರೋಗ ಹುಟ್ಟಿತೆಂದು ಹೇಳಿತು. ಉತ್ತರವು ತಪ್ಪಾದರೂ ಅದು ಕಾರ್ಯಕಾರಣದ ಅನ್ವೇಷಣೆಯೇ ಹೊರತು ಮೌಢ್ಯದ ಶರಣಾಗತಿಯಲ್ಲ. ಅದೇ ವರ್ಷ ಇಟಲಿಯ ಪಿಸ್ತೋಯಾ ನಗರವು ಹೊರಡಿಸಿದ ಕಟ್ಟಳೆಗಳನ್ನು ನೋಡಿದರೆ ಆಡಳಿತಗಾರರ ಎಚ್ಚರವು ಇನ್ನೂ ಸ್ಪಷ್ಟವಾಗುತ್ತದೆ. ರೋಗ ಹಬ್ಬಿದ್ದ ಪೀಸಾ, ಲುಕ್ಕಾ ಪಟ್ಟಣಗಳಿಗೆ ಯಾರೂ ಹೋಗಕೂಡದು, ಅಲ್ಲಿಂದ ಯಾರೂ ಬರಕೂಡದು. ಹಳೆಯ ಬಟ್ಟೆಯನ್ನು ಊರೊಳಕ್ಕೆ ತರಕೂಡದು. ಹೆಣವನ್ನು ಮೊಳೆ ಹೊಡೆದ ಮರದ ಪೆಟ್ಟಿಗೆಯಲ್ಲಿಯೇ ಸಾಗಿಸಬೇಕು. ಮಲಗಿದ ರೋಗಿಗಳು ಅಧೈರ್ಯಗೊಳ್ಳದಿರಲೆಂದು ಸಾವಿಗೆ ಗಂಟೆ ಬಾರಿಸುವುದನ್ನೂ ಅಲ್ಲಿ ನಿಲ್ಲಿಸಿದರು. 1377ರಲ್ಲಿ ಏಡ್ರಿಯಾಟಿಕ್ ತೀರದ ರಗೂಸಾ ನಗರವು ರೋಗಪೀಡಿತ ಪ್ರದೇಶಗಳಿಂದ ಬಂದವರನ್ನು 30 ದಿನ ಹೊರಗೆ ನಿಲ್ಲಿಸಿಕೊಳ್ಳುವ ನಿಯಮ ಮಾಡಿತು. ಅವಧಿಯು ಮುಂದೆ 40 ದಿನಗಳಿಗೆ ಬೆಳೆದು, ಇಟಾಲಿಯನ್ ಭಾಷೆಯಲ್ಲಿ ನಲವತ್ತನ್ನು ಸೂಚಿಸುವ ಪದದಿಂದಲೇ ಇಂದಿನ ‘ಕ್ವಾರಂಟೈನ್’ ಹುಟ್ಟಿತು. ಇನ್ನು ಚಾಟಿಯೇಟಿನ ಮೆರವಣಿಗೆಗಳನ್ನು 1349ರ ಅಕ್ಟೋಬರಿನಲ್ಲಿ ಖಂಡಿಸಿ ನಿಷೇಧಿಸಿದವನು ಸಾಕ್ಷಾತ್ ಪೋಪನೇ.

ಕಲ್ಪನೆ 2: ಮುಸಲ್ಮಾನರು ಎಲ್ಲವೂ ವಿಧಿಲಿಖಿತವೆಂದು ಕೈಕಟ್ಟಿ ಕುಳಿತರು.

ಸತ್ಯ: ಪ್ಲೇಗಿನಿಂದ ಮಡಿದ ಶ್ರದ್ಧಾವಂತನಿಗೆ ಹುತಾತ್ಮನ ಪದವಿ ದೊರೆಯುತ್ತದೆಂಬ ನಂಬಿಕೆಯು ಇಸ್ಲಾಮಿನಲ್ಲಿ ದೃಢವಾಗಿತ್ತು. ಆದರೆ ಅದರ ಜೊತೆಗೇ, ಪ್ಲೇಗಿರುವ ನಾಡನ್ನು ಪ್ರವೇಶಿಸಬಾರದು, ತಾನಿರುವ ನಾಡಿಗೆ ಅದು ಬಂದರೆ ಓಡಿಹೋಗಬಾರದು ಎಂಬ ಪ್ರವಾದಿಗಳ ವಿಧಿಯೂ ಇತ್ತು. 7ನೆಯ ಶತಮಾನದಲ್ಲಿ ಖಲೀಫ ಉಮರರು ಸಿರಿಯಾದ ಕಡೆಗೆ ಹೊರಟಿದ್ದಾಗ ಅಲ್ಲಿ ಪ್ಲೇಗು ಹಬ್ಬಿದೆಯೆಂದು ದಾರಿಯಲ್ಲಿ ತಿಳಿದು ಹಿಂದಿರುಗಲು ನಿಶ್ಚಯಿಸಿದರು. ಸೇನಾಪತಿ ಅಬೂ ಉಬೈದಾ, ದೈವಸಂಕಲ್ಪದಿಂದ ತಪ್ಪಿಸಿಕೊಳ್ಳುವುದುಂಟೆ ಎಂದು ಕೇಳಿದಾಗ, ಕಣಿವೆಯ ಒಂದು ಮಗ್ಗುಲು ಹಸುರಾಗಿ ಇನ್ನೊಂದು ಒಣಗಿದ್ದರೆ ಒಂಟೆಗಳನ್ನು ಹಸುರಿನಲ್ಲಿ ಮೇಯಿಸುವುದೂ ದೈವಸಂಕಲ್ಪವೇ ಅಲ್ಲವೆ ಎಂಬ ದೃಷ್ಟಾಂತದಿಂದ ಉಮರರು ಸಮಾಧಾನ ಹೇಳಿದರೆಂದು ಸಂಪ್ರದಾಯವು ತಿಳಿಸುತ್ತದೆ. ವಿಧಿಯನ್ನು ನಂಬುವವನಿಗೆ ವಿವೇಕವು ನಿಷಿದ್ಧವಲ್ಲವೆಂಬುದೇ ಇದರ ತಾತ್ಪರ್ಯ.

ರೋಗವು ಒಬ್ಬನಿಂದ ಇನ್ನೊಬ್ಬನಿಗೆ ಅಂಟುತ್ತದೆಯೇ ಎಂಬ ಪ್ರಶ್ನೆಯಲ್ಲಿ ವಿದ್ವಾಂಸರು ಒಮ್ಮತದಿಂದಿರಲಿಲ್ಲ. ಸೋಂಕೆಂಬುದೇ ಇಲ್ಲವೆಂಬ ಪ್ರವಾದಿವಚನವನ್ನು ಅನೇಕರು ಅಕ್ಷರಶಃ ಗ್ರಹಿಸಿದರು. ತನ್ನ ಮೂವರು ಹೆಣ್ಣುಮಕ್ಕಳನ್ನು ಪ್ಲೇಗಿಗೆ ಕಳೆದುಕೊಂಡು ಅದರ ಮೇಲೆ ಗ್ರಂಥವನ್ನೇ ಬರೆದ ಕೈರೋದ ಇಬ್ನ್ ಹಜರ್ ಅಂಥವರಲ್ಲೊಬ್ಬ. ಆದರೆ ಗ್ರನಾಡಾದ ಮಂತ್ರಿಯೂ ವೈದ್ಯನೂ ಆಗಿದ್ದ ಇಬ್ನ್ ಅಲ್-ಖತೀಬನು, ರೋಗಿಯ ಉಡುಪಿನಿಂದ, ಪಾತ್ರೆಯಿಂದ, ಕಿವಿಯ ಓಲೆಯಿಂದಲೂ ಪ್ಲೇಗು ಹರಡುವುದನ್ನೂ, ಸೋಂಕಿದ ಊರಿನಿಂದ ಬಂದ ಹಡಗು ರೋಗವಿಲ್ಲದ ಬಂದರಿಗೆ ಅದನ್ನು ತರುವುದನ್ನೂ, ಬಾಗಿಲು ಮುಚ್ಚಿ ಪ್ರತ್ಯೇಕವಾಗಿ ಉಳಿದವರು ಬದುಕುವುದನ್ನೂ ಮುಂದಿಟ್ಟು, ಇಂದ್ರಿಯಗಳ ಸಾಕ್ಷ್ಯಕ್ಕೆ ವಿರೋಧ ಬಂದಲ್ಲಿ ಶಾಸ್ತ್ರವಚನಕ್ಕೆ ಬೇರೆ ಅರ್ಥ ಹೇಳಬೇಕೆಂದು ವಾದಿಸಿದನು. ಅಲ್ಮೇರಿಯಾದ ಇಬ್ನ್ ಖಾತಿಮಾ, ಸತ್ತವರ ಬಟ್ಟೆಗಳನ್ನು ಮಾರುತ್ತಿದ್ದ ಸಂತೆಯ ಜನರು ಅತ್ಯಧಿಕವಾಗಿ ಸತ್ತುದನ್ನು ಗುರುತಿಸಿ ಬರೆದಿಟ್ಟನು. ಪಿಸ್ತೋಯಾದವರು ಹಳೆಯ ಬಟ್ಟೆಗೆ ಬಾಗಿಲು ಮುಚ್ಚಿದುದನ್ನೂ ಅಲ್ಮೇರಿಯಾದ ಈ ಟಿಪ್ಪಣಿಯನ್ನೂ ಒಟ್ಟಿಗಿಟ್ಟು ನೋಡಿದರೆ, ಮತವು ಬೇರೆಯಾದರೂ ಕಣ್ಣು ಕಂಡದ್ದು ಒಂದನ್ನೇ ಎಂಬುದು ವಿದಿತವಾಗುತ್ತದೆ.

ಕಲ್ಪನೆ 3: ಯಹೂದಿಗಳ ಹತ್ಯೆಗೆ ಚರ್ಚಿನ ಪರಮಾಧಿಕಾರವೇ ಪ್ರೇರಣೆ ನೀಡಿತು.

ಸತ್ಯ: ಯಹೂದಿಗಳು ಬಾವಿಗಳಿಗೆ ವಿಷ ಬೆರೆಸಿದರೆಂಬ ಸುಳ್ಳು ಸುದ್ದಿಯಿಂದ ಯುರೋಪಿನ ಅನೇಕ ನಗರಗಳಲ್ಲಿ ಘೋರ ಕೊಲೆಗಳಾದವು; ಸ್ಟ್ರಾಸ್‌ಬರ್ಗಿನಲ್ಲಿ 1349ರ ಫೆಬ್ರವರಿ 14ರಂದು ಅವರನ್ನು ಸಜೀವವಾಗಿ ಸುಟ್ಟಾಗ ಆ ನಗರಕ್ಕೆ ಪ್ಲೇಗು ಇನ್ನೂ ಬಂದೇ ಇರಲಿಲ್ಲ. ಆದರೆ ಆವಿನ್ಯೋನಿನಲ್ಲಿದ್ದ ಪೋಪ್ ಆರನೆಯ ಕ್ಲೆಮೆಂಟನು 1348ರಲ್ಲಿಯೇ ಆಜ್ಞಾಪತ್ರಗಳನ್ನು ಹೊರಡಿಸಿ, ಯಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ನಾಡುಗಳಲ್ಲಿಯೂ ರೋಗವಿದೆ, ಆದಕಾರಣ ಈ ಆರೋಪಕ್ಕೆ ಆಧಾರವಿಲ್ಲವೆಂದು ತರ್ಕಬದ್ಧವಾಗಿ ಸಾರಿದನು. ಭಯಕ್ಕೆ ವಶರಾದವರು ಆ ತರ್ಕಕ್ಕೆ ಕಿವಿಗೊಡಲಿಲ್ಲವೆಂಬುದೇ ದುಃಖದ ಸಂಗತಿ. ಇಸ್ಲಾಮೀ ರಾಜ್ಯಗಳಲ್ಲಿ ಇಂಥ ಸಾಮೂಹಿಕ ಹತ್ಯೆಗಳು ಕಾಣಬರದಿದ್ದರೂ ಅಪರಾಧಿಯನ್ನು ಅರಸುವ ಚಾಪಲ್ಯವು ಅಲ್ಲಿಯೂ ಇಲ್ಲದಿರಲಿಲ್ಲ: 1438ರಲ್ಲಿ ಕೈರೋದ ಸುಲ್ತಾನ ಬರ್ಸ್‌ಬಾಯ್, ಪ್ಲೇಗಿಗೆ ವ್ಯಭಿಚಾರವೇ ಕಾರಣವೆಂಬ ಮಾತನ್ನು ನಂಬಿ ಹೆಂಗಸರು ಬೀದಿಗೆ ಬಾರದಂತೆ ನಿರ್ಬಂಧಿಸಿದನು.

ಕಲ್ಪನೆ 4: ಆ ಕಾಲದ ವೈದ್ಯರು ಹಕ್ಕಿಯ ಕೊಕ್ಕಿನ ಮುಖವಾಡ ಧರಿಸುತ್ತಿದ್ದರು.

ಸತ್ಯ: ಆ ಮುಖವಾಡವು 17ನೆಯ ಶತಮಾನದ್ದು. 1348ರ ವೈದ್ಯನಿಗೆ ಅಂಥ ರಕ್ಷಣೆಯಿರಲಿಲ್ಲ. ಪೋಪನ ವೈದ್ಯನಾಗಿದ್ದ ಗೀ ದ ಶೋಲಿಯಾಕನು ರಕ್ತ ಕಾರುವ ಬಗೆ, ಗಡ್ಡೆಯೇಳುವ ಬಗೆ ಎಂದು ರೋಗವನ್ನು ಎರಡಾಗಿ ಗುರುತಿಸಿದನಲ್ಲದೆ, ಸ್ವತಃ ತೊಡೆಸಂದಿನಲ್ಲಿ ಗಡ್ಡೆಯೆದ್ದು ಆರು ವಾರ ನರಳಿ ಬದುಕುಳಿದನು.

ಕಲ್ಪನೆ 5: ವಿಪತ್ತು ಬಂದಾಗ ಮತಗಳ ನಡುವಣ ಗೋಡೆ ಇನ್ನಷ್ಟು ಎತ್ತರವಾಯಿತು.

ಸತ್ಯ: ಎಲ್ಲೆಡೆಯೂ ಹಾಗಾಗಲಿಲ್ಲ. 1348ರ ಬೇಸಗೆಯಲ್ಲಿ ದಮಾಸ್ಕಸ್ಸಿನಲ್ಲಿ ಕಂಡುದನ್ನು ಯಾತ್ರಿಕ ಇಬ್ನ್ ಬತೂತಾ ವರ್ಣಿಸಿದ್ದಾನೆ. ನಗರವೆಲ್ಲ ಮೂರು ದಿನ ಉಪವಾಸವಿದ್ದು, ಕೊನೆಯ ರಾತ್ರಿ ದೊಡ್ಡ ಮಸೀದಿಯಲ್ಲಿ ಪ್ರಾರ್ಥನೆಯಲ್ಲಿ ಕಳೆದ ಮೇಲೆ, ಬೆಳಗಾಗುತ್ತಲೇ ಅಧಿಕಾರಿಗಳು ಬರಿಗಾಲಿನಲ್ಲಿ ಕುರ್ಆನ್ ಹಿಡಿದು ನಡೆದರು. ಅವರೊಡನೆ ಯಹೂದಿಗಳು ತೋರಾವನ್ನೂ ಕ್ರೈಸ್ತರು ಸುವಾರ್ತೆಗಳನ್ನೂ ಹಿಡಿದು, ಹೆಂಗಸರು ಮಕ್ಕಳೊಡಗೂಡಿ, ಕಣ್ಣೀರಿಡುತ್ತ ಊರ ಹೊರಗಿನ ಮಸೀದಿಯವರೆಗೆ ಸಾಗಿದರು. ಪ್ರಾರ್ಥನೆಯಂತೆಯೇ ವೈದ್ಯವೂ ಸಮಾನವಾಗಿತ್ತು: ಗ್ರೀಕರ ಗ್ಯಾಲೆನ್ನನನ್ನೂ ಬುಖಾರಾ ಪ್ರಾಂತದ ಇಬ್ನ್ ಸೀನಾನನ್ನೂ ಕ್ರೈಸ್ತ ವೈದ್ಯರೂ ಮುಸಲ್ಮಾನ ವೈದ್ಯರೂ ಪ್ರಮಾಣವೆಂದು ಓದುತ್ತಿದ್ದರು.

ಪ್ರಾರ್ಥನೆಯೂ ಎಚ್ಚರವೂ ಜೊತೆಗೂಡಿದ ಈ ದೃಶ್ಯವು ಕನ್ನಡಿಗರಿಗೆ ಅಪರಿಚಿತವಾಗಬೇಕಿಲ್ಲ. 1898ರಲ್ಲಿ ಇದೇ ರೋಗವು ಬೆಂಗಳೂರಿಗೂ ಹುಬ್ಬಳ್ಳಿಗೂ ಬಂದಾಗ ನಮ್ಮ ಹಿರಿಯರು ಪ್ಲೇಗಮ್ಮನಿಗೆ ಹರಕೆ ಹೊತ್ತರು. ಇಲಿ ಸತ್ತು ಬಿದ್ದ ಮನೆಯನ್ನು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಹುಬ್ಬಳ್ಳಿಯಲ್ಲಿ ಸಹಸ್ರಾರು ಮಂದಿ ವಿಜ್ಞಾನಿ ಹಾಫ್‌ಕಿನ್ನನ ಲಸಿಕೆಯನ್ನೂ ಚುಚ್ಚಿಸಿಕೊಂಡರು. ಹರಕೆ ಹೊತ್ತವರು ಗುಡಿಸಲು ಹಾಕಿದುದನ್ನು ನಾವು ವಿವೇಕವೆಂದು ಒಪ್ಪುವುದಾದರೆ, ಅದೇ ನ್ಯಾಯವನ್ನು ಪಿಸ್ತೋಯಾದ ಕ್ರೈಸ್ತನಿಗೂ ಗ್ರನಾಡಾದ ಮುಸಲ್ಮಾನನಿಗೂ ಸಲ್ಲಿಸುವುದು ನಮ್ಮ ಕರ್ತವ್ಯ. ಹದಿನಾಲ್ಕನೆಯ ಶತಮಾನದಲ್ಲಿ ಅಮಾಯಕರನ್ನು ಬಲಿಗೊಂಡದ್ದು ಜನರ ದೇವಭಕ್ತಿಯಲ್ಲ. ಪರೀಕ್ಷಿಸದೆ ನಂಬಿದ ಸುಳ್ಳು ಸುದ್ದಿ.