ಕಾಗದದಲ್ಲಿ ಕಳೆದುಹೋದ ಪದಕಗಳು

1919ರ ಫೆಬ್ರವರಿ 17. ನ್ಯೂಯಾರ್ಕಿನ ಐದನೇ ಅವೆನ್ಯೂ ರಸ್ತೆಯ ಎರಡೂ ಬದಿಯಲ್ಲಿ ಜನ ಕಿಕ್ಕಿರಿದು ನಿಂತಿದ್ದರು. ಮೊದಲ ಮಹಾಯುದ್ಧ ಮುಗಿಸಿ ಫ್ರಾನ್ಸಿನಿಂದ ಮರಳಿದ 369ನೇ ಕಾಲಾಳು ರೆಜಿಮೆಂಟಿನ ಮೆರವಣಿಗೆ ಅದು. ರೆಜಿಮೆಂಟಿನ ಸೈನಿಕರೆಲ್ಲ ಕಪ್ಪು ಜನಾಂಗದವರು. ಅವರ ನಡುವೆ ತೆರೆದ ಕಾರಿನಲ್ಲಿ ಬರುತ್ತಿದ್ದ ಒಬ್ಬ ಸಣ್ಣ ಕಟ್ಟಿನ ಆಳನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಆತನ ಹೆಸರು ಹೆನ್ರಿ ಜಾನ್ಸನ್. ಯುದ್ಧಕ್ಕೆ ಹೋಗುವ ಮೊದಲು ಆಲ್ಬನಿಯ ರೈಲು ನಿಲ್ದಾಣದಲ್ಲಿ ಸಾಮಾನು ಹೊರುತ್ತಿದ್ದವನು.

1918ರ ಮೇ ತಿಂಗಳ ನಡುವಿನ ಒಂದು ರಾತ್ರಿ, ಆರ್ಗಾನ್ ಕಾಡಿನ ಅಂಚಿನಲ್ಲಿ ಜಾನ್ಸನ್ ಮತ್ತು ಆತನ ಜೊತೆಗಾರ ಕಾವಲಿಗಿದ್ದ ಜಾಗದ ಮೇಲೆ ಜರ್ಮನರ ತುಕಡಿಯೊಂದು ಎರಗಿತು. ಜೊತೆಗಾರ ಗಾಯಗೊಂಡು ಬಿದ್ದ. ಜಾನ್ಸನ್ ಬಂದೂಕು ಕೈಕೊಟ್ಟ ಮೇಲೆ ಅದರ ಹಿಡಿಯಿಂದಲೇ ಬಡಿದಾಡಿದ. ಕೊನೆಗೆ ಮಚ್ಚಿನಂಥ ಕತ್ತಿ ಹಿಡಿದು, ಶತ್ರುಗಳು ಗೆಳೆಯನನ್ನು ಎಳೆದೊಯ್ಯದಂತೆ ತಡೆದ. ಆತನ ಮೈಮೇಲೆ 21 ಗಾಯಗಳಾಗಿದ್ದವು. ಫ್ರಾನ್ಸ್ ಸರ್ಕಾರ ತನ್ನ ಹೆಸರಾಂತ ಶೌರ್ಯಪದಕವನ್ನೇ ಕೊಟ್ಟಿತು. ಆದರೆ ಸ್ವದೇಶದ ಸೇನೆ ಆತನ ಕೈಗಿತ್ತ ಬಿಡುಗಡೆ ಪತ್ರದಲ್ಲಿ ಆ ಗಾಯಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. 1929ರ ಜುಲೈಯಲ್ಲಿ ಜಾನ್ಸನ್ ತೀರಿಕೊಂಡ. ಅಲ್ಲಿಯವರೆಗೆ ಅಮೆರಿಕದ ಒಂದು ಶೌರ್ಯಪದಕವೂ ಆತನಿಗೆ ಸಿಕ್ಕಿರಲಿಲ್ಲ.

ಮೈಮೇಲಿನ ಗಾಯ ಎಲ್ಲರಿಗೂ ಕಾಣುತ್ತಿದ್ದಾಗ ಕಾಗದದಲ್ಲಿ ಅದು ಇಲ್ಲದಿದ್ದರೇನು ಎಂದು ಕೇಳಬಹುದು. ಮನುಷ್ಯ ಬದುಕಿರುವವರೆಗೆ ಆ ಮಾತು ಸರಿ. ಆತ ಸತ್ತ ಮೇಲೆ ಉಳಿಯುವುದು ಕಾಗದ ಮಾತ್ರ. ಪಹಣಿಯಲ್ಲಿ ತಂದೆಯ ಹೆಸರಿನ ಒಂದಕ್ಷರ ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಮಾಜಿ ಸೈನಿಕರ ಸಮಾಧಿಗೆ ಸರ್ಕಾರವೇ ಕಲ್ಲು ಕೊಡುತ್ತದೆ. ಹೆಸರು, ದರ್ಜೆ, ಹೋರಾಡಿದ ಯುದ್ಧದ ಜೊತೆಗೆ ಪಡೆದ ಪದಕವನ್ನೂ ಅದರ ಮೇಲೆ ಕೆತ್ತಿಸಬಹುದು. ಆದರೆ ದಾಖಲೆ ತೋರಿಸಬೇಕು. ಕಾಗದದಲ್ಲಿ ಇಲ್ಲದ್ದು ಕಲ್ಲಿನ ಮೇಲೂ ಬರುವುದಿಲ್ಲ.

ಜಾನ್ಸನ್‌ನ ಕಥೆ ದೊಡ್ಡದು. ಅಷ್ಟು ದೊಡ್ಡದಲ್ಲದ ಕಥೆಗಳು ಲಕ್ಷಾಂತರ ಇವೆ. ಎರಡನೇ ಮಹಾಯುದ್ಧದಿಂದ ಮರಳಿದ ಸಾಮಾನ್ಯ ಸೈನಿಕನ ಬಿಡುಗಡೆ ಪತ್ರದಲ್ಲಿ ಪದಕಗಳು ತಪ್ಪಿಹೋಗಲು ಯಾರ ದುರುದ್ದೇಶವೂ ಬೇಕಿರಲಿಲ್ಲ. 1945ರಲ್ಲಿ ಯುರೋಪಿನ ಯುದ್ಧ ಮುಗಿದೊಡನೆ ಲಕ್ಷಗಟ್ಟಲೆ ಜನರನ್ನು ಮನೆಗೆ ಕಳಿಸಬೇಕಾಗಿ ಬಂತು. ಬಿಡುಗಡೆ ಶಿಬಿರದ ಗುಮಾಸ್ತರು ಹಗಲಿರುಳು ಟೈಪು ಮಾಡಿದರು. ಮನೆಯ ಆಸೆ ಹತ್ತಿದ ಹುಡುಗ ಪತ್ರವನ್ನು ಸರಿಯಾಗಿ ಓದದೆ ಸಹಿ ಹಾಕಿ ರೈಲು ಹತ್ತಿದ.

ಇನ್ನೂ ವಿಚಿತ್ರವೆಂದರೆ, ಎಷ್ಟೋ ಪದಕಗಳು ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಯುರೋಪ್ ಮತ್ತು ಆಫ್ರಿಕದ ರಣರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಯುದ್ಧಕಾಲದಲ್ಲಿ ದೊರೆತದ್ದು ಎದೆಗೆ ಸಿಕ್ಕಿಸಿಕೊಳ್ಳುವ ಬಣ್ಣದ ಪಟ್ಟಿ ಮಾತ್ರ. ಲೋಹದ ಪದಕ ಬಂದದ್ದು 1947ರಲ್ಲಿ, ಅವರೆಲ್ಲ ಹೊಲಕ್ಕೋ ಕಾರ್ಖಾನೆಗೋ ಮರಳಿದ ಮೇಲೆ. ಅದೇ 1947ರಲ್ಲಿ ಸೇನೆ ಇನ್ನೊಂದು ತೀರ್ಮಾನ ಮಾಡಿತು. ಯುದ್ಧದಲ್ಲಿ ನೇರವಾಗಿ ಕಾದಾಡಿದ ಕಾಲಾಳುಗಳಿಗೆ ಕೊಟ್ಟಿದ್ದ ವಿಶೇಷ ಬಿಲ್ಲೆ ಯಾರ ಬಳಿ ಇದೆಯೋ ಅವರೆಲ್ಲರಿಗೂ ‘ಬ್ರಾಂಝ್ ಸ್ಟಾರ್’ ಪದಕಕ್ಕೆ ಹಕ್ಕುಂಟು ಎಂದಿತು. ಆದರೆ ಅರ್ಜಿ ಹಾಕಿಕೊಳ್ಳಬೇಕು. ಯುದ್ಧವನ್ನೇ ಮರೆಯಲು ಹೆಣಗುತ್ತಿದ್ದವರಲ್ಲಿ ಎಷ್ಟು ಮಂದಿ ಸೇನೆಯ ಸುತ್ತೋಲೆ ಓದಿಯಾರು? ಕೊರಿಯಾದಲ್ಲಿ ಹೋರಾಡಿದವರದು ಇನ್ನೂ ದೀರ್ಘ ಕಾಯುವಿಕೆ. ಆ ದೇಶ 1950ರ ದಶಕದ ಆರಂಭದಲ್ಲೇ ಕೊಡಲು ಮುಂದಾದ ಯುದ್ಧಸೇವಾ ಪದಕವನ್ನು ಧರಿಸಲು ಅಮೆರಿಕ ತನ್ನ ಸೈನಿಕರಿಗೆ ಒಪ್ಪಿಗೆ ಕೊಟ್ಟದ್ದು 1999ರಲ್ಲಿ. ಅಷ್ಟು ಹೊತ್ತಿಗೆ ಅವರಲ್ಲಿ ಬಹಳಷ್ಟು ಜನ ಮಣ್ಣು ಸೇರಿದ್ದರು.

ಹೀಗಾಗಿ ಅಪ್ಪನೋ ಅಜ್ಜನೋ ತೀರಿಕೊಂಡ ಮೇಲೆ ಮನೆಯವರು ಟ್ರಂಕು ತೆರೆದರೆ ಲೆಕ್ಕ ತಾಳೆಯಾಗುವುದಿಲ್ಲ. ಫೋಟೋದಲ್ಲಿ ಎದೆಯ ಮೇಲೆ ಒಂದು ಪಟ್ಟಿ ಇದೆ, ಪತ್ರದಲ್ಲಿ ಅದರ ಹೆಸರಿಲ್ಲ. ಆಗ ಅವರು ಬರೆಯಬೇಕಾದದ್ದು ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿರುವ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ. ಹತ್ತಿರದ ಬಂಧು ಕೇಳಿದರೆ ಶುಲ್ಕವಿಲ್ಲ. ಮರುಮದುವೆಯಾಗದ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, ಇಷ್ಟೇ ಆ ಕೇಂದ್ರದ ಲೆಕ್ಕದ ಹತ್ತಿರದ ಬಂಧುಗಳು. ಎತ್ತಿ ಆಡಿಸಿದ ಸೋದರಳಿಯನಿಗೆ ಅದರಲ್ಲಿ ಜಾಗವಿಲ್ಲ. ಸೈನಿಕ ಸೇವೆ ಬಿಟ್ಟು 62 ವರ್ಷ ಕಳೆದ ಮೇಲೆ ಮಾತ್ರ ಕಡತ ಸಾರ್ವಜನಿಕ ಸ್ವತ್ತಾಗುತ್ತದೆ. ಆಗ ಯಾರು ಬೇಕಾದರೂ ಹಣ ಕೊಟ್ಟು ಪ್ರತಿ ಪಡೆಯಬಹುದು, ಪದಕವನ್ನು ಪೇಟೆಯಲ್ಲಿ ಕೊಂಡುಕೊಳ್ಳಬಹುದು.

ಆದರೆ ಆ ಕಡತವಾದರೂ ಇರಬೇಕಲ್ಲ?

1973ರ ಜುಲೈ 12ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸೇಂಟ್ ಲೂಯಿಸ್ ಹೊರವಲಯದ ಓವರ್‌ಲ್ಯಾಂಡ್‌ನಲ್ಲಿದ್ದ ಕೇಂದ್ರದ ಆರನೇ ಮಹಡಿಗೆ ಬೆಂಕಿ ಬಿತ್ತು. ಆ ಕಟ್ಟಡದ ವಿನ್ಯಾಸ ಮಾಡಿದವರು ಮಿನೋರು ಯಮಸಾಕಿ. ಮುಂದೆ ನ್ಯೂಯಾರ್ಕಿನ ಅವಳಿ ಗೋಪುರಗಳನ್ನು ರೂಪಿಸಿದವರೂ ಅವರೇ. ಕಡತಗಳ ಮಹಡಿಗಳಲ್ಲಿ ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮುವ ವ್ಯವಸ್ಥೆ ಇರಲಿಲ್ಲ. ನೀರು ಬಿದ್ದರೆ ಕಾಗದ ಹಾಳಾದೀತು ಎಂಬ ವಾದ ಆಗ ದಾಖಲೆಪಾಲಕರಲ್ಲೇ ಇತ್ತು. ಕೊನೆಗೆ ಅಗ್ನಿಶಾಮಕ ದಳದವರು ದಿನಗಟ್ಟಲೆ ನೀರು ಸುರಿಯಬೇಕಾಯಿತು. ಬೆಂಕಿ ಪೂರ್ತಿ ಆರಲು ನಾಲ್ಕು ದಿನಕ್ಕೂ ಹೆಚ್ಚು ಹಿಡಿಯಿತು.

ನಾಶವಾದ ಕಡತಗಳು 1.6 ಕೋಟಿಯಿಂದ 1.8 ಕೋಟಿ. ಭೂಸೇನೆಯಲ್ಲಿ 1912ರ ನವೆಂಬರ್ ಮತ್ತು 1960ರ ಜನವರಿ ನಡುವೆ ಬಿಡುಗಡೆಯಾದವರ ಪೈಕಿ ನೂರಕ್ಕೆ 80 ಜನರ ದಾಖಲೆ ಹೋಯಿತು. ವಾಯುಸೇನೆಯಲ್ಲಿ 1947ರಿಂದ 1964ರ ಜನವರಿವರೆಗೆ ಬಿಡುಗಡೆಯಾದವರಲ್ಲಿ, ಅಕಾರಾದಿಯಾಗಿ ‘ಹಬ್ಬರ್ಡ್’ ಎಂಬ ಹೆಸರಿನ ನಂತರ ಬರುವವರ ಕಡತಗಳು ನೂರಕ್ಕೆ 75ರಷ್ಟು ಹೋದವು. ಮನೆತನದ ಹೆಸರಿನ ಮೊದಲಕ್ಷರದ ಮೇಲೆ ಒಬ್ಬನ ಇಡೀ ಯೌವನದ ಸಾಕ್ಷ್ಯ ನಿಂತಿತ್ತು! ಯಾವುದಕ್ಕೂ ನಕಲು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಏನೇನು ಇತ್ತು ಎಂಬ ಪೂರ್ಣ ಪಟ್ಟಿಯೂ ಇರಲಿಲ್ಲ.

ಸುಟ್ಟು ಉಳಿದದ್ದು ನೀರಿನಲ್ಲಿ ನೆನೆದು ಬೂಸ್ಟು ಹಿಡಿಯತೊಡಗಿತು. ಒದ್ದೆ ಕಡತಗಳನ್ನು ಹಾಲಿನ ಕ್ರೇಟುಗಳಲ್ಲಿ ತುಂಬಿ, ಮ್ಯಾಕ್‌ಡೊನೆಲ್ ಡಗ್ಲಸ್ ವಿಮಾನ ಕಂಪನಿಯ ಬೃಹತ್ ನಿರ್ವಾತ ಕೋಣೆಗೆ ಸಾಗಿಸಿದರು. ಬಾಹ್ಯಾಕಾಶದ ಪರಿಸ್ಥಿತಿಯನ್ನು ನೆಲದ ಮೇಲೆ ಪರೀಕ್ಷಿಸಲು ಕಟ್ಟಿದ್ದ ಆ ಕೋಣೆಯಲ್ಲಿ ಸೈನಿಕರ ಕಾಗದಗಳು ಒಣಗಿದವು. ಹೀಗೆ ಸುಮಾರು 65 ಲಕ್ಷ ಕಡತಗಳು ಕೈಗೆ ಸಿಕ್ಕವು. ಅಂಚು ಕರಿಕಲಾದ ಆ ಹಾಳೆಗಳನ್ನು ಕೇಂದ್ರದ ಸಿಬ್ಬಂದಿ ಇಂದಿಗೂ ಕೈಗವಸು ತೊಟ್ಟು ಬಿಡಿಸುತ್ತಾರೆ.

ಕಡತ ಬೂದಿಯಾದವನ ಸೇವೆಯನ್ನು ಮತ್ತೆ ಕಟ್ಟುವ ಕೆಲಸ ಪತ್ತೇದಾರಿಗಿಂತ ಕಡಿಮೆಯದಲ್ಲ. ಸೈನಿಕನೊಬ್ಬನ ಹೆಸರು ಒಂದೇ ಕಚೇರಿಯಲ್ಲಿ ಇರುವುದಿಲ್ಲ. ಕೊನೆಯ ಸಂಬಳದ ರಸೀದಿ ಇನ್ನೊಂದು ಇಲಾಖೆಯಲ್ಲಿದೆ. ಮಾಜಿ ಸೈನಿಕರ ಇಲಾಖೆಗೆ ಪಿಂಚಣಿಗೋ ಚಿಕಿತ್ಸೆಗೋ ಬರೆದ ಅರ್ಜಿ ಮತ್ತೊಂದೆಡೆ ಇದೆ. ಊರಿನ ಕಚೇರಿಯಲ್ಲಿ ಬಿಡುಗಡೆ ಪತ್ರವನ್ನು ನೋಂದಾಯಿಸಿದ್ದರೆ ಅದೂ ಆಗುತ್ತದೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಪ್ರತಿ ಕಂಪನಿಯ ‘ಬೆಳಗಿನ ವರದಿ’. ದಿನವೂ ಬರೆಯುತ್ತಿದ್ದ ಆ ಹಾಳೆಯಲ್ಲಿ ಬದಲಾವಣೆಗಳು ಮಾತ್ರ ದಾಖಲಾಗುತ್ತಿದ್ದವು: ಯಾರು ಹೊಸದಾಗಿ ಬಂದರು, ಯಾರು ರಜೆಗೆ ಹೋದರು, ಯಾರು ಗಾಯಗೊಂಡು ಆಸ್ಪತ್ರೆ ಸೇರಿದರು. ಹೆಸರಿನ ಎದುರು ಒಂದು ತುಂಡು ವಾಕ್ಯ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ‘ಪರ್ಪಲ್ ಹಾರ್ಟ್’ ಪದಕಕ್ಕೆ ಎಷ್ಟೋ ಸಲ ಆ ತುಂಡು ವಾಕ್ಯವೇ ಆಧಾರ. ಯಾವ ದಳ ಯಾವ ಕದನದಲ್ಲಿತ್ತು ಎಂಬುದಕ್ಕೆ ಸೇನೆಯೇ ಅಚ್ಚು ಹಾಕಿಸಿದ ಪಟ್ಟಿಗಳಿವೆ. ಆತ ಆ ದಿನ ಆ ದಳದಲ್ಲಿದ್ದ ಎಂದು ತೋರಿಸಿದರೆ ಸಾಕು, ಕದನದ ಗುರುತು ಆತನ ಖಾತೆಗೆ ಸೇರುತ್ತದೆ.

ಇಲ್ಲೊಂದು ಭೇದವನ್ನು ಗಮನಿಸಬೇಕು. ಇಂಥ ಕಾಲದಲ್ಲಿ ಇಂಥಲ್ಲಿ ಇದ್ದ ಎಂಬುದಕ್ಕೆ ಕೊಡುವ ಸೇವಾಪದಕ ಲೆಕ್ಕಪತ್ರದ ವಿಷಯ. ದಾಖಲೆ ಸಿಕ್ಕಿದರೆ ಗುಮಾಸ್ತನೇ ಸೇರಿಸಬಲ್ಲ. ಶೌರ್ಯಪದಕ ಹಾಗಲ್ಲ. ಮೇಲಧಿಕಾರಿ ಶಿಫಾರಸು ಬರೆದಿರಬೇಕು, ಕಣ್ಣಾರೆ ಕಂಡವರು ಹೇಳಿಕೆ ಕೊಟ್ಟಿರಬೇಕು, ಆದೇಶ ಹೊರಟಿರಬೇಕು. ಅಪ್ಪ ಹೇಳುತ್ತಿದ್ದ ಕಥೆ ಎಷ್ಟು ನಿಜವಾದರೂ ಸಾಕ್ಷ್ಯವಾಗುವುದಿಲ್ಲ. ಕಂಡವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಂತೆ ಈ ಬಾಗಿಲು ಕಿರಿದಾಗುತ್ತ ಹೋಗುತ್ತದೆ.

ಗುಮಾಸ್ತನ ಮಟ್ಟದಲ್ಲಿ ಬಗೆಹರಿಯದ್ದು ಸೇನಾ ದಾಖಲೆ ತಿದ್ದುಪಡಿ ಮಂಡಳಿಯ ಮುಂದೆ ಹೋಗುತ್ತದೆ. 1946ಕ್ಕೆ ಮೊದಲು ಒಬ್ಬ ಸೈನಿಕನ ಕಡತ ತಿದ್ದಬೇಕಾದರೆ ಅಮೆರಿಕದ ಸಂಸತ್ತೇ ಆತನ ಹೆಸರಿನಲ್ಲಿ ಮಸೂದೆ ಪಾಸು ಮಾಡಬೇಕಿತ್ತು. ಆ ಹೊರೆ ತಾಳಲಾರದೆ 1946ರಲ್ಲಿ ಸಂಸತ್ತು ಈ ಕೆಲಸವನ್ನು ಸೇನಾ ಇಲಾಖೆಗಳಿಗೇ ದಾಟಿಸಿತು. ಮಂಡಳಿಯಲ್ಲಿ ಸಮವಸ್ತ್ರದವರು ಕೂರುವಂತಿಲ್ಲ, ನಾಗರಿಕರೇ ಇರಬೇಕು. ಅವರು ನೋಡುವುದು ಎರಡನ್ನು: ತಪ್ಪಾಗಿದೆಯೇ, ಅನ್ಯಾಯವಾಗಿದೆಯೇ. ಸತ್ತವನ ಪರವಾಗಿ ವಾರಸುದಾರರು ಮರಣ ಪತ್ರದೊಂದಿಗೆ ಅರ್ಜಿ ಹಾಕಬಹುದು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಬರಬೇಕೆಂಬ ನಿಯಮವಿದೆ. ನ್ಯಾಯದ ದೃಷ್ಟಿಯಿಂದ ಮಂಡಳಿ ಅದನ್ನು ಬದಿಗಿಡಬಹುದು. ಆದರೆ ಹಳೆಯ ದಾಖಲೆ ಸರಿಯಾಗಿಯೇ ಇದೆ ಎಂಬ ನಂಬಿಕೆಯಿಂದ ಮಂಡಳಿ ಶುರುಮಾಡುತ್ತದೆ. ಸುಳ್ಳೆಂದು ತೋರಿಸುವ ಭಾರ ಅರ್ಜಿದಾರರದು.

ಸತ್ತವರ ಪರವಾಗಿ ಆ ಮಂಡಳಿಯಲ್ಲಿ ಗೆದ್ದ ಹೆಸರುಗಳಲ್ಲಿ ಮೇರಿ ವಾಕರ್ ಅವರದು ಪ್ರಸಿದ್ಧ. ಅಮೆರಿಕದ ಅಂತರ್ಯುದ್ಧದಲ್ಲಿ ಶಸ್ತ್ರವೈದ್ಯೆಯಾಗಿ ದುಡಿದು, ಶತ್ರುಗಳ ಸೆರೆಯಲ್ಲೂ ಇದ್ದು ಬಂದ ಆಕೆಗೆ 1865ರಲ್ಲಿ ಅತ್ಯುನ್ನತವಾದ ‘ಮೆಡಲ್ ಆಫ್ ಆನರ್’ ಸಿಕ್ಕಿತು. ಆ ಪದಕ ಪಡೆದ ಏಕೈಕ ಮಹಿಳೆ ಇಂದಿಗೂ ಆಕೆಯೇ. 1917ರಲ್ಲಿ ಸೇನೆ ಪಟ್ಟಿಯನ್ನು ಜಾಲಾಡಿ 911 ಹೆಸರುಗಳನ್ನು ಹೊಡೆದುಹಾಕಿದಾಗ ಆಕೆಯದೂ ಹೋಯಿತು. ಆಕೆ ಗುತ್ತಿಗೆಯ ವೈದ್ಯೆ, ಸೇನೆಯ ಅಧಿಕಾರಿಯಲ್ಲ ಎಂಬುದು ಕಾರಣ. ಪದಕ ಹಿಂದಿರುಗಿಸುವುದಿಲ್ಲ ಎಂದ ಆಕೆ 1919ರಲ್ಲಿ ಸಾಯುವವರೆಗೂ ಅದನ್ನು ಧರಿಸಿಯೇ ಓಡಾಡಿದರು. ಆಕೆಯ ಹೆಸರು ಪಟ್ಟಿಗೆ ಮರಳಿದ್ದು 1977ರಲ್ಲಿ.

ಮಂಡಳಿಯ ಅಳವಿಗೂ ಮೀರಿದ ಪ್ರಕರಣಗಳಿವೆ. ಮೊದಲ ಮಹಾಯುದ್ಧದಲ್ಲಿ ಸತ್ತ ಫ್ರೆಡಿ ಸ್ಟೋವರ್ಸ್‌ಗೆ ಇದೇ ಉನ್ನತ ಪದಕ ಕೊಡಬೇಕೆಂದು 1918ರಲ್ಲೇ ಬರೆದ ಶಿಫಾರಸು ಕಡತಗಳ ನಡುವೆ ಸಿಕ್ಕಿಬಿದ್ದು, ಪದಕ 1991ರಲ್ಲಿ ಆತನ ಇಬ್ಬರು ತಂಗಿಯರ ಕೈಸೇರಿತು. ಎರಡನೇ ಮಹಾಯುದ್ಧದಲ್ಲಿ ಕಪ್ಪು ಜನಾಂಗದ ಒಬ್ಬನಿಗೂ ಈ ಪದಕ ಸಿಕ್ಕಿರಲಿಲ್ಲ. ಸೇನೆಯೇ ವಿಶ್ವವಿದ್ಯಾಲಯವೊಂದಕ್ಕೆ ಅಧ್ಯಯನ ಒಪ್ಪಿಸಿ, 1997ರಲ್ಲಿ ಏಳು ಮಂದಿಗೆ ಅದನ್ನು ಕೊಟ್ಟಿತು. ಆ ದಿನ ಶ್ವೇತಭವನದಲ್ಲಿ ಪದಕ ಸ್ವೀಕರಿಸಲು ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ.

ಹೆನ್ರಿ ಜಾನ್ಸನ್‌ನ ಕಡತ ಸರಿಹೋದದ್ದೂ ಹೀಗೆ ಕಂತುಕಂತಾಗಿ. ತಾನು ಜಾನ್ಸನ್‌ನ ಮಗ ಎಂದು ನಂಬಿ ಬೆಳೆದ ಒಬ್ಬ ಮಾಜಿ ಸೈನಿಕರು ವರ್ಷಗಟ್ಟಲೆ ಓಡಾಡಿದರು. 1996ರಲ್ಲಿ ಗಾಯಗಳಿಗಾಗಿ ‘ಪರ್ಪಲ್ ಹಾರ್ಟ್’ ಬಂತು. ಅನಾಥ ಶವದಂತೆ ಎಲ್ಲೋ ಹೂತಿರಬೇಕು ಎಂದುಕೊಂಡಿದ್ದ ದೇಹ ವಾಷಿಂಗ್ಟನ್ ಬಳಿಯ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲೇ ಇದೆಯೆಂದು 2002ರ ಹೊತ್ತಿಗೆ ಪತ್ತೆಯಾಯಿತು. ಅಲ್ಲಿನ ಪುಸ್ತಕದಲ್ಲಿ ಹೆಸರು ವಿಲಿಯಂ ಹೆನ್ರಿ ಜಾನ್ಸನ್ ಎಂದಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. 2003ರಲ್ಲಿ ಎರಡನೇ ಉನ್ನತ ಪದಕ ಸಿಕ್ಕಿತು. ಅತ್ಯುನ್ನತ ಪದಕಕ್ಕೆ ಆ ಕಾಲದ ಸಾಕ್ಷ್ಯ ಬೇಕಿತ್ತು. ಘಟನೆ ನಡೆದ ಕೆಲವೇ ದಿನಗಳಲ್ಲಿ ಮಹಾದಂಡನಾಯಕ ಜನರಲ್ ಪರ್ಶಿಂಗ್ ಜಾನ್ಸನ್‌ನನ್ನು ಹೊಗಳಿ ಕಳಿಸಿದ್ದ ಸಂದೇಶವೊಂದು ಸೆನೆಟರ್ ಒಬ್ಬರ ಕಚೇರಿಯವರ ಕಣ್ಣಿಗೆ ಬಿತ್ತು. ಕಾಲಮಿತಿಯನ್ನು ಸಡಿಲಿಸಲು 2014ರ ಡಿಸೆಂಬರಿನಲ್ಲಿ ಕಾನೂನೇ ಆಯಿತು.

ಅಷ್ಟರಲ್ಲಿ ಸೇನೆಯ ವಂಶಾವಳಿ ತಜ್ಞರು ಪದಕ ಒಪ್ಪಿಸಬೇಕಾದ ಬಂಧುವನ್ನು ಹುಡುಕಲು ಹಳೆಯ ದಾಖಲೆಗಳನ್ನು ಶೋಧಿಸಿದರು. ಅವರಿಗೆ ಕಂಡದ್ದು ಬೇರೆಯೇ ಸತ್ಯ. ಮಗನೆಂದು ನಂಬಿ ಅಷ್ಟು ಹೋರಾಡಿದವರಿಗೂ ಜಾನ್ಸನ್‌ಗೂ ರಕ್ತಸಂಬಂಧವೇ ಇರಲಿಲ್ಲ. ಅವರು ಆಗಲೇ ತೀರಿಕೊಂಡಿದ್ದರು. ಸುದ್ದಿಯನ್ನು ಕೇಳಬೇಕಾದದ್ದು ಅವರ ಮಗಳು. 2015ರ ಜೂನ್ 2ರಂದು ಅಧ್ಯಕ್ಷ ಒಬಾಮಾ ಶ್ವೇತಭವನದಲ್ಲಿ ಪದಕ ಎತ್ತಿ ಕೊಟ್ಟಾಗ ಅದನ್ನು ಸ್ವೀಕರಿಸಲು ಬಂಧುಗಳೆನಿಸಿಕೊಳ್ಳುವವರು ಯಾರೂ ಇರಲಿಲ್ಲ. ಜಾನ್ಸನ್‌ನ ಹಳೆಯ ದಳದ ಪರಂಪರೆಗೆ ಸೇರಿದ ನ್ಯೂಯಾರ್ಕ್ ನ್ಯಾಷನಲ್ ಗಾರ್ಡಿನ ಒಬ್ಬ ಸಾರ್ಜೆಂಟ್ ಮೇಜರ್ ಮುಂದೆ ಬಂದು, ಆತನ ಪರವಾಗಿ ಕೈಯೊಡ್ಡಿದರು.