ಗೋಡೆ ಒಣಗುವ ಬಗೆ

ಹೊಸದಾಗಿ ಬಣ್ಣ ಬಳಿದ ಗೋಡೆಯನ್ನು ಬೆರಳಿನಿಂದ ಮುಟ್ಟಿ, ಕೈಗೆ ಅಂಟದಿದ್ದರೆ 'ಒಣಗಿತು' ಎನ್ನುವುದು ನಮ್ಮ ವಾಡಿಕೆ. ಆದರೆ ಗೋಡೆಯು ಹೊರಮೈಯಲ್ಲಿ ಒಣಗುವುದು ಬೇರೆ, ಒಡಲಲ್ಲಿ ಒಣಗುವುದು ಬೇರೆ. ಶಿವಮೊಗ್ಗ, ಭದ್ರಾವತಿಗಳಂತಹ ಊರುಗಳಲ್ಲಿ ಈ ಭೇದವು ಸಣ್ಣ ಮಾತಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಾಲ. ಗೌರಿ-ಗಣೇಶರ ಹಬ್ಬವು ಬರುವುದೂ ಈ ಮಳೆಗಾಲ ಮುಗಿಯುವ ಮೊದಲೇ. ಹಬ್ಬಕ್ಕೆ ಮನೆ ಬೆಳಗಬೇಕೆಂದು ವರ್ಷವೆಲ್ಲ ಕೂಡಿಟ್ಟ ಹಣವನ್ನು ಗೋಡೆಗೆ ಸುರಿದವರು, ದೀಪಾವಳಿಯ ಹೊತ್ತಿಗೆ ಅದೇ ಬಣ್ಣವು ಗುಳ್ಳೆಯೆದ್ದು ಸಿಪ್ಪೆಯಂತೆ ಸುಲಿಯುವುದನ್ನು ಕಾಣುವುದುಂಟು. ಬೈಗುಳವೆಲ್ಲ ಬಣ್ಣದ ಡಬ್ಬಿಗೆ. ತಪ್ಪು ಬಹುಮಟ್ಟಿಗೆ ಅವಸರದ್ದು.

ಮೊದಲು ಸುಣ್ಣವನ್ನು ನೋಡೋಣ. ಮಲೆನಾಡಿನ ಹಳೆಯ ಮನೆಗಳಲ್ಲಿ ಗೋಡೆಯ ಮೇಲ್ಭಾಗಕ್ಕೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದರು. (ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದ ಬೆಟ್ಟದ ಹೆಸರೂ ಕೆಮ್ಮಣ್ಣುಗುಂಡಿಯೇ.) ಸುಣ್ಣದ ಗಾರೆಯು ಕೇವಲ ನೀರು ಆರಿದುದರಿಂದ ಗಟ್ಟಿಯಾಗುವುದಿಲ್ಲ. ಅರಳಿಸಿದ ಸುಣ್ಣ, ಎಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಮಾರ್ಪಡುತ್ತದೆ; ಸುಟ್ಟು ಸುಣ್ಣವಾಗಿದ್ದ ಕಲ್ಲು ಮತ್ತೆ ಕಲ್ಲಾಗುತ್ತದೆ. ಈ ಕ್ರಿಯೆಯಲ್ಲಿ ನೀರು ಹೊರಬರುವುದೆಂಬುದು ವಿಶೇಷ. 74 ಕಿಲೋಗ್ರಾಂ ಅರಳಿದ ಸುಣ್ಣವು ಪೂರ್ತಿಯಾಗಿ ಕಲ್ಲಾದಾಗ 18 ಕಿಲೋಗ್ರಾಂ ನೀರನ್ನು ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಮಾಡಿದ ಹೊಸ ಕೋಣೆಯು, ನೀರು ಆರಿತೆಂದು ತೋರಿದ ಮೇಲೂ ಬಹುಕಾಲ ತೇವವಾಗಿರುವುದಕ್ಕೆ ಇದೂ ಒಂದು ಕಾರಣ. ಇಂತಹ ಕೋಣೆಯನ್ನು ಬೇಗ ಒಣಗಿಸಲು ಕೆಲವರು ಬಾಗಿಲು ಮುಚ್ಚಿ ಇದ್ದಲಿನ ಒಲೆಯನ್ನು ಉರಿಸುತ್ತಾರೆ. ಇದು ಪ್ರಾಣಾಪಾಯಕರವಾದ ಕೆಲಸ. ಇದ್ದಲು ಅರೆಬರೆ ಉರಿದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಒಳಗೆ ಮಲಗಿದವರು ಮರಳಿ ಏಳಲಾರರು.

ಸಿಮೆಂಟಿನ ಸ್ವಭಾವವು ಇದಕ್ಕೆ ವಿರುದ್ಧವಾದುದು. ಸುಣ್ಣಕ್ಕೆ ಗಾಳಿ ಬೇಕು, ಸಿಮೆಂಟಿಗೆ ನೀರು ಬೇಕು. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಸೇರಿಯೇ ಗಟ್ಟಿಯಾಗುತ್ತದೆ. ಆದುದರಿಂದಲೇ ಹೊಸ ಗಾರೆಗೆ ಕಡಮೆಯೆಂದರೂ 7 ದಿನ ನೀರುಣಿಸಬೇಕು. ಬಿರುಕು ಮುಚ್ಚುವಾಗಲೂ ಸಡಿಲವಾದುದನ್ನು ಕೆರೆದು ತೆಗೆದು, ಹಳೆಯ ಗೋಡೆಯನ್ನು ನೆನೆಸಿದ ಮೇಲೆಯೇ ಗಾರೆಯನ್ನು ತುಂಬಬೇಕು. ಇಲ್ಲವಾದರೆ ಒಣಗೋಡೆಯು ಹೊಸ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಯು ಕಬ್ಬಿಣದ ಜೊತೆಗೆ ಮುಂದೆ ಸಿಮೆಂಟನ್ನೂ ತಯಾರಿಸಿತು. ಊದುಕುಲುಮೆಯಲ್ಲಿ ಕಬ್ಬಿಣದೊಡನೆ ಹೊರಬರುವ ಕಿಟ್ಟವನ್ನು ನುಣ್ಣಗೆ ಅರೆದು ಸಿಮೆಂಟಿಗೆ ಬೆರೆಸುವುದುಂಟು. ಅಂತಹ ಸಿಮೆಂಟು ನಿಧಾನವಾಗಿ ಬಲಿಯುವುದರಿಂದ ಅದಕ್ಕೆ ನೀರುಣಿಸುವ ದಿನಗಳೂ ಹೆಚ್ಚು.

ನೀರುಣಿಸಿದ ಬಳಿಕ ಆ ನೀರು ಹೊರಗೆ ಹೋಗಬೇಕಷ್ಟೆ. ಸಾಮಾನ್ಯವಾಗಿ 28 ದಿನ ಕಾಯಬೇಕೆನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಒಣಹವೆಯ ಲೆಕ್ಕ. ಮಳೆಗಾಲದಲ್ಲಿ ಮಾಡಿದ ಗಾರೆಗೆ ಇದನ್ನು ನಂಬುವಂತಿಲ್ಲ. ಹಸಿ ಗಾರೆಯಲ್ಲಿ ಕ್ಷಾರವೂ ಹೆಚ್ಚಾಗಿರುತ್ತದೆ. ಎಣ್ಣೆಗೆ ಕ್ಷಾರವನ್ನು ಸೇರಿಸಿದರೆ ಸಾಬೂನು ಆಗುವುದೆಂದು ನೀವು ಬಲ್ಲಿರಿ. ಹಸಿ ಗೋಡೆಗೆ ಎಣ್ಣೆಬಣ್ಣ ಬಳಿದಾಗ ನಡೆಯುವುದೂ ಅದೇ: ಬಣ್ಣದ ಎಣ್ಣೆಯು ಗೋಡೆಯ ಮೇಲೆಯೇ ಸಾಬೂನಾಗಿ, ಬಣ್ಣವು ಮೆತ್ತಗಾಗಿ ಕಳಚಿ ಬೀಳುತ್ತದೆ.

ಇನ್ನು ಪುಟ್ಟಿ, ಪ್ರೈಮರ್, ಬಣ್ಣಗಳ ವಿಷಯ. ಪುಟ್ಟಿಯನ್ನು ದಪ್ಪವಾಗಿ ಮೆತ್ತಿದರೆ ಮೇಲ್ಪದರವು ಮೊದಲು ಬಿಗಿದು, ಒಳಗಿನದು ಆಮೇಲೆ ಕುಗ್ಗಿ, ಬಿರುಕು ಬಿಡುತ್ತದೆ. ತೆಳುವಾಗಿ ಎರಡು ಸಲ ಹಚ್ಚಿ, ಪ್ರತಿ ಸಲವೂ ಚೆನ್ನಾಗಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಬೇಕು. ನೀರಿನಲ್ಲಿ ಕಲಸುವ ಪ್ರೈಮರ್ ಮತ್ತು ಎಮಲ್ಷನ್‌ಗಳಿಗೆ ಒಂದು ಬಳಿತಕ್ಕೂ ಇನ್ನೊಂದಕ್ಕೂ ನಡುವೆ ಒಣಹವೆಯಲ್ಲಿ 4ರಿಂದ 6 ಗಂಟೆ ಸಾಕು. ಇವುಗಳಲ್ಲಿ ನೀರು ಆವಿಯಾದಂತೆ ಸೂಕ್ಷ್ಮಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಎನಾಮೆಲ್‌ನಂತಹ ಎಣ್ಣೆಬಣ್ಣವಾದರೋ ಗಾಳಿಯ ಆಮ್ಲಜನಕದೊಡನೆ ಸಂಯೋಗ ಹೊಂದಿ ಗಟ್ಟಿಯಾಗಬೇಕು. ಅದಕ್ಕೆ ಒಂದು ರಾತ್ರಿಯ ಬಿಡುವಾದರೂ ಬೇಕು.

ಮಳೆಗಾಲದಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡಾ 90ನ್ನು ಮೀರುವುದುಂಟು. ಆಗಲೇ ನೀರಿನಿಂದ ತುಂಬಿದ ಗಾಳಿಯು ಗೋಡೆಯ ನೀರನ್ನು ಹೇಗೆ ಹೊತ್ತೀತು? ಗಂಟೆಗಳ ಲೆಕ್ಕವು ದಿನಗಳಿಗೆ ತಿರುಗುತ್ತದೆ. ಅನುಭವಿಗಳಾದ ಬಣ್ಣದವರು ಮಳೆ ನಿಂತ ಹೊತ್ತಿನಲ್ಲಿ ಎದುರುಬದುರಿನ ಕಿಟಕಿಗಳನ್ನು ತೆರೆದಿಡುತ್ತಾರೆ, ಮಳೆ ಹಿಡಿದೊಡನೆ ಮುಚ್ಚುತ್ತಾರೆ.

ಗೋಡೆಯ ಒಡಲು ಒಣಗಿದೆಯೋ ಇಲ್ಲವೋ ಎಂಬುದನ್ನು ನೀವೇ ಪರೀಕ್ಷಿಸಬಹುದು. ಒಂದು ಮೊಳದಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಮುಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡಿ. ಮರುದಿನ ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳು ಕಂಡರೆ, ಅಥವಾ ಅದರಡಿಯ ಗೋಡೆಯು ಕಪ್ಪಾಗಿದ್ದರೆ, ಬಣ್ಣದ ಡಬ್ಬಿಯನ್ನು ತೆರೆಯುವ ಕಾಲ ಇನ್ನೂ ಬಂದಿಲ್ಲ.