ಇಂಜಿನ್ನಿನ ಉಸಿರು ಹೊರಹೋಗುವ ದಾರಿ



ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆ ಹಿತ್ತಲಿನ ಹುಣಸೆಮರದ ಕೆಳಗೆ ಒಂದು ದೊಡ್ಡ ಕೆಲಸ ನಡೆಯಿತು. ಚಿಕ್ಕಪ್ಪನ ಹಳೇ ಅಂಬಾಸಿಡರ್ ಕಾರಿನ ಕೆಟ್ಟ ಇಂಜಿನ್ ಬಿಚ್ಚಿ, ಅದೇ ಜಾತಿಯ ಬೇರೊಂದು ಇಂಜಿನ್ ಕೂರಿಸಿದರು. ಪಾನಾ ಎತ್ತಿಕೊಡುವುದು, ನಟ್ಟು ಬೋಲ್ಟು ತೊಳೆದು ಡಬ್ಬಿಗೆ ಹಾಕುವುದು, ಟೀ ತರುವುದು ನನ್ನ ಕೆಲಸ. ಆ ಹದಿನೈದು ದಿನದಲ್ಲಿ ನಾನು ಕಲಿತದ್ದರಲ್ಲಿ ಬಹಳ ಮುಖ್ಯವಾದ ಒಂದು ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಹೊಗೆ ಹೊರಹೋಗುವ ಕೊಳವೆಯ ವಿಷಯ. ಅದರಲ್ಲಿ ಮಾಡಿದ ಒಂದು ಸಣ್ಣ ತಪ್ಪಿಗೆ ನಮ್ಮ ಅಜ್ಜಿಯ ಜೀವಕ್ಕೇ ಸಂಚಕಾರ ಬರುತ್ತಿತ್ತು.

ಕಾರಿನ ಪರಿಚಯ

ಅಂಬಾಸಿಡರ್ ಕಾರನ್ನು ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯವರು ಕಲ್ಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ತಯಾರಿಸುತ್ತಿದ್ದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರೇ ಇದಕ್ಕೆ ಮೂಲ. ೧೯೫೮ರ ಸುಮಾರಿಗೆ ಶುರುವಾದ ಈ ಕಾರಿನ ತಯಾರಿಕೆ ೨೦೧೪ರಲ್ಲಿ ನಿಂತುಹೋಯಿತು. ಚಿಕ್ಕಪ್ಪನ ಕಾರಿನದು ೧೪೮೯ ಸಿ.ಸಿ.ಯ ಹಳೇ ಪೆಟ್ರೋಲ್ ಇಂಜಿನ್. ಅದರಲ್ಲಿ ನಾಲ್ಕು ಸಿಲಿಂಡರ್.

ಇಂಜಿನ್ ಏನು ಮಾಡುತ್ತದೆ ಎಂದು ನಮ್ಮ ವಿಜ್ಞಾನ ಪಾಠದಲ್ಲಿದೆ. ಗಾಳಿ ಪೆಟ್ರೋಲು ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಉರಿದ ಅನಿಲವನ್ನು ಹೊರಕ್ಕೆ ತಳ್ಳುವುದು, ಹೀಗೆ ನಾಲ್ಕು ಹೊಡೆತ. ಇಂಜಿನ್ ನಿಮಿಷಕ್ಕೆ ೩೦೦೦ ಸುತ್ತು ತಿರುಗಿದರೆ ಒಂದೊಂದು ಸಿಲಿಂಡರೂ ೧೫೦೦ ಸಲ ಹೊಗೆ ಉಗುಳುತ್ತದೆ. ನಾಲ್ಕೂ ಸೇರಿದರೆ ಸೆಕೆಂಡಿಗೆ ೧೦೦ ಸಲ! ಇಷ್ಟು ಉಸಿರು ಸರಾಗವಾಗಿ ಹೊರಗೆ ಹೋದರೆ ಮಾತ್ರ ಹೊಸ ಗಾಳಿ ಒಳಗೆ ಬರುತ್ತದೆ. ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ನೋಡಿಲ್ಲವೇ? ಇಳಿಯೋರು ಇಳಿದ ಮೇಲೆ ತಾನೇ ಹತ್ತೋರು ಹತ್ತೋದು. ಬಾಗಿಲಲ್ಲಿ ಇಬ್ಬರೂ ನುಗ್ಗಿದರೆ ಬಸ್ಸು ಹೊರಡೋದೇ ಇಲ್ಲ.

ಮ್ಯಾನಿಫೋಲ್ಡ್ ಮತ್ತು ಹೆಡರ್

ಸಿಲಿಂಡರುಗಳಿಂದ ಬರುವ ಹೊಗೆಯನ್ನು ಒಟ್ಟು ಮಾಡಿ ಸೈಲೆನ್ಸರ್ ಪೈಪಿಗೆ ಕೊಡುವ ಭಾಗಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎನ್ನುತ್ತಾರೆ. ಕಂಪನಿಯವರು ಇದನ್ನು ಎರಕದ ಕಬ್ಬಿಣದಲ್ಲಿ ಮಾಡುತ್ತಾರೆ. ಚಿಕ್ಕಪ್ಪ ತಂದ ಇಂಜಿನ್ನಿನಲ್ಲಿ ಇದು ಸೀಳಿಹೋಗಿತ್ತು. ಹಳೇ ಇಂಜಿನ್ನಿನದೂ ಹಾಗೇ. ವರ್ಷಗಟ್ಟಲೆ ಕಾಯುವುದು ತಣಿಯುವುದು ಆದರೆ ಎರಕ ಬಿರುಕು ಬಿಡುತ್ತದಂತೆ. ಬೇರೆ ಎಲ್ಲೂ ಒಳ್ಳೆಯದು ಸಿಗದೆ, ಕೊನೆಗೆ ಒಂದು ವೆಲ್ಡಿಂಗ್ ಶಾಪಿನಲ್ಲಿ ಉಕ್ಕಿನ ಪೈಪುಗಳನ್ನು ಬಗ್ಗಿಸಿ ಹೊಸದು ಮಾಡಿಸಿದರು. ಹೀಗೆ ಒಂದೊಂದು ಬಾಯಿಗೂ ಬೇರೆ ಬೇರೆ ಪೈಪು ಕೊಟ್ಟು ಮುಂದೆ ಒಂದೇ ಪೈಪಿಗೆ ಸೇರಿಸಿದ ಸಾಮಾನಿಗೆ ಹೆಡರ್ ಎಂದು ಹೆಸರು. ರೇಸಿನ ಕಾರುಗಳಿಗೆ ಇದನ್ನೇ ಹಾಕುತ್ತಾರೆ. ಒಂದು ಪೈಪಿನಲ್ಲಿ ಜೋರಾಗಿ ಹೋದ ಹೊಗೆ ತನ್ನ ಹಿಂದೆ ಒತ್ತಡ ಕಡಿಮೆ ಮಾಡಿ, ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಪೈಪುಗಳು ಅಡ್ಡಡ್ಡ ಡಿಕ್ಕಿ ಹೊಡೆಯದೆ ಓರೆಯಾಗಿ ಸೇರಬೇಕು, ತೋಟದ ಕಾಲುವೆಗಳು ಸೇರುವ ಹಾಗೆ. ಅಡ್ಡ ಸೇರಿದರೆ ನೀರೂ ಹಿಂದಕ್ಕೆ ಒತ್ತುತ್ತದೆ, ಹೊಗೆಯೂ ಒತ್ತುತ್ತದೆ.

ಇಲ್ಲಿ ನನಗೊಂದು ಅನುಮಾನ ಬಂತು. ಸಿಲಿಂಡರ್ ನಾಲ್ಕು, ಪೈಪು ಮೂರೇ! "ಮಾಮ, ಒಂದು ಪೈಪು ಮರೆತವ್ರೆ" ಅಂದೆ. ಮೆಕ್ಯಾನಿಕ್ ಮಾಮ ನಕ್ಕರು. "ಮರೆತಿಲ್ಲ ಕಣೋ. ಹೆಡ್ಡಿನಲ್ಲೇ ಮೂರು ಬಾಯಿ ಐತೆ ನೋಡು" ಅಂದರು. ನಿಜ. ಈ ಇಂಜಿನ್ನಿನಲ್ಲಿ ೨ ಮತ್ತು ೩ನೇ ಸಿಲಿಂಡರಿಗೆ ಒಂದೇ ಬಾಯಿ. ಹಾಗಾದರೆ ಎರಡೂ ಒಟ್ಟಿಗೆ ಉಗುಳಿದರೆ? ಉಗುಳುವುದಿಲ್ಲ. ಉರಿಯುವ ಸರದಿ ೧, ೩, ೪, ೨. ಮೂರನೆಯದು ಆದ ಮೇಲೆ ನಾಲ್ಕು, ಆಮೇಲೆ ಎರಡು, ಆಮೇಲೆ ಒಂದು, ಮತ್ತೆ ಮೂರು. ೨ ಮತ್ತು ೩ ಯಾವತ್ತೂ ಒಂದರ ಹಿಂದೆ ಒಂದು ಬರುವುದಿಲ್ಲ. ನೀವೂ ಕಾಗದದ ಮೇಲೆ ಬರೆದು ನೋಡಿ.

ಕೂರಿಸುವ ಕ್ರಮ

ನಾಲ್ಕು ಜನ ಎತ್ತಿದರೂ ಏಳದಷ್ಟು ಭಾರದ ಇಂಜಿನ್ನನ್ನು ಚೈನ್ ಬ್ಲಾಕ್ ಹಾಕಿ ಎತ್ತಿದರು. ತೂಗಾಡುವ ಇಂಜಿನ್ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಇಡಬಾರದು ಎಂದು ನಮಗೆ ಕಟ್ಟಪ್ಪಣೆ. ಹೆಡರ್ ಕೆಲಸದ ಕ್ರಮ ಹೀಗೆ:

೧. ಇಂಜಿನ್ ಕಾರಿನೊಳಗೆ ಇಳಿಸುವ ಮೊದಲೇ ಹೆಡರನ್ನು ಅದಕ್ಕೆ ಹಿಡಿದು, ಸ್ಟಡ್ಡುಗಳೆಲ್ಲ ತೂತಿಗೆ ಸರಿಯಾಗಿ ಬರುತ್ತವೆಯೇ ನೋಡಬೇಕು. ಇಂಜಿನ್ ಕೂತ ಮೇಲೆ ಅಲ್ಲಿ ಕೈ ಹೋಗುವುದೇ ಕಷ್ಟ.

೨. ಹೆಡ್ಡಿಗೆ ಅಂಟಿಕೊಳ್ಳುವ ದಪ್ಪ ತಗಡಿನ ಅಂಚಿಗೆ ಫ್ಲಾಂಜ್ ಎನ್ನುತ್ತಾರೆ. ವೆಲ್ಡಿಂಗ್ ಕಾವಿಗೆ ಇದು ಬಾಗುತ್ತದೆ. ನೇರವಾದ ಅಳತೆಪಟ್ಟಿಯನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ಕೆಳಗಿನಿಂದ ಬೆಳಕು ತೂರಿದರೆ ಹೊಗೆಯೂ ತೂರುತ್ತದೆ.

೩. ಹಳೇ ಗ್ಯಾಸ್ಕೆಟ್ ಚೂರುಗಳನ್ನೆಲ್ಲ ಕೆರೆದು, ಹೊಸ ಗ್ಯಾಸ್ಕೆಟ್ಟೇ ಹಾಕಬೇಕು. ಹಳೆಯದನ್ನು ತಿರುಗಿಸಿ ಹಾಕುವುದು ಸಲ್ಲದು.

೪. ನಟ್ಟುಗಳನ್ನು ಮಧ್ಯದಿಂದ ಶುರುಮಾಡಿ ಎರಡೂ ಕಡೆಗೆ, ಸ್ವಲ್ಪ ಸ್ವಲ್ಪವಾಗಿ ಸರದಿಯಂತೆ ಬಿಗಿಯಬೇಕು. ಒಂದನ್ನೇ ಪೂರಾ ಬಿಗಿದರೆ ಇನ್ನೊಂದು ತುದಿ ಎದ್ದುಕೊಳ್ಳುತ್ತದೆ. ಹಿತ್ತಾಳೆ ನಟ್ಟಾದರೆ ಕಾವಿಗೆ ತುಕ್ಕು ಹಿಡಿದು ಸ್ಟಡ್ಡಿಗೆ ಕಚ್ಚಿಕೊಳ್ಳುವುದಿಲ್ಲ.

೫. ಇಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ಸ್ಟಾರ್ಟ್ ಮಾಡಿದಾಗ ಅಲುಗಾಡುತ್ತದೆ. ಹೆಡರ್ ಸುತ್ತ ಬೆರಳು ಆಡುವಷ್ಟಾದರೂ ಜಾಗ ಇರಬೇಕು. ಸೈಲೆನ್ಸರ್ ಪೈಪನ್ನು ಬಾಡಿಗೆ ಗಟ್ಟಿಯಾಗಿ ಬಿಗಿಯದೆ ರಬ್ಬರಿನಲ್ಲಿ ತೂಗುಹಾಕಬೇಕು. ಇಲ್ಲದಿದ್ದರೆ ವೆಲ್ಡಿಂಗ್ ಬಿಟ್ಟುಕೊಳ್ಳುತ್ತದೆ.

೬. ಹೆಡರಿನೊಳಗಿನ ಹೊಗೆಯ ಕಾವು ೬೦೦ ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆದ್ದರಿಂದ ಪೆಟ್ರೋಲ್ ಪೈಪು, ವೈರು ದೂರವಿರಬೇಕು. ಈ ಇಂಜಿನ್ನಿನಲ್ಲಿ ಕಾರ್ಬುರೇಟರು ಹೆಡರಿರುವ ಪಕ್ಕದಲ್ಲೇ ಮೇಲುಗಡೆ ಇರುವುದರಿಂದ ನಡುವೆ ಒಂದು ತಗಡಿನ ಮರೆ ಕಟ್ಟಬೇಕು. ಇಲ್ಲದಿದ್ದರೆ ಪೆಟ್ರೋಲು ಕುದಿದು ಆವಿಯಾಗಿ ಗಾಡಿ ನಿಂತುಬಿಡುತ್ತದೆ.

ನಾವು ಮಾಡಿದ ತಪ್ಪು

ಇಷ್ಟೆಲ್ಲ ತಿಳಿದಿದ್ದೂ ತಪ್ಪು ಎಲ್ಲಾಯಿತು? ಈ ಇಂಜಿನ್ನಿನಲ್ಲಿ ಗಾಳಿ ಒಳಹೋಗುವ ಇನ್‌ಲೆಟ್ ಮ್ಯಾನಿಫೋಲ್ಡೂ ಹೊಗೆ ಹೊರಬರುವ ಹೆಡರೂ ಒಂದೇ ಕಡೆ ಇರುತ್ತವೆ. ಒಂದೇ ಸ್ಟಡ್ಡು, ಒಂದೇ ದಪ್ಪ ವಾಷರು ಎರಡನ್ನೂ ಹಿಡಿದಿರುತ್ತದೆ. ವಾಷರಿನ ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ. ಹಾಗಾಗಿ ಎರಡರ ಫ್ಲಾಂಜೂ ಒಂದೇ ದಪ್ಪ ಇರಬೇಕು. ನಮ್ಮ ಹೊಸ ಹೆಡರಿನ ಫ್ಲಾಂಜು ಸ್ವಲ್ಪ ತೆಳ್ಳಗಿತ್ತು. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ಗಿಡ್ಡ ಇದ್ದರೆ ಪಾತ್ರೆ ವಾಲುವುದಿಲ್ಲವೇ, ಹಾಗೆ ವಾಷರು ವಾಲಿತು. ನಟ್ಟು ಬಿಗಿಯಾಗಿಯೇ ಇತ್ತು, ಆದರೆ ಒತ್ತಡವೆಲ್ಲ ಇನ್‌ಲೆಟ್ ಮೇಲೆ ಬಿದ್ದು ಹೆಡರು ಸಡಿಲವಾಗಿಯೇ ಉಳಿಯಿತು.

ಗಾಡಿ ಸ್ಟಾರ್ಟ್ ಆದಾಗ 'ಟಿಕ್ ಟಿಕ್' ಅಂತ ಸದ್ದು ಬಂತು. "ಹೊಸದಲ್ವಾ, ಕೂತ್ಕೊಂಡ್ ಮೇಲೆ ಸರಿಹೋಗ್ತದೆ" ಅಂದರು ಚಿಕ್ಕಪ್ಪ. ಮಾರನೇ ದಿನವೇ ಚಿಕ್ಕನಾಯಕನಹಳ್ಳಿಯಲ್ಲಿ ಮದುವೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಬೆಳಿಗ್ಗೆಯಿಂದ ಮೃಗಶಿರಾ ಮಳೆ. ಗಾಜುಗಳನ್ನೆಲ್ಲ ಏರಿಸಿಕೊಂಡು ಹೊರಟೆವು. ಮುಂದಿನ ಸೀಟಿನಲ್ಲಿ ಅಜ್ಜಿ, ಅವರ ತೊಡೆಯ ಮೇಲೆ ತಂಗಿ. ಸ್ವಲ್ಪ ದೂರ ಹೋಗುವುದರಲ್ಲಿ ತಂಗಿ ತಲೆನೋವು ಅಂದಳು. ಆಮೇಲೆ ಅಜ್ಜಿ "ಯಾಕೋ ತಲೆ ಸುತ್ತುತ್ತೈತೆ ಕಣಪ್ಪ, ಹೊಟ್ಟೆ ತೊಳಸ್ತೈತೆ" ಅಂದರು. ಕಾರಿನ ಪ್ರಯಾಣ ಒಗ್ಗಿಲ್ಲ ಅಂತ ನಾವು ತಿಳಿದೆವು. ಹೊಗೆ ಕಾಣಿಸುತ್ತಿರಲಿಲ್ಲ. ಕೊನೆಗೆ ಅಜ್ಜಿ ಮಾತೇ ಆಡದೆ ಒರಗಿಕೊಂಡಾಗ ಚಿಕ್ಕಪ್ಪ ಗಾಬರಿಯಾಗಿ ಗಾಡಿ ನಿಲ್ಲಿಸಿ, ಮಳೆಯಲ್ಲೇ ಅವರನ್ನು ಇಳಿಸಿ ಒಂದು ಅಂಗಡಿಯ ಜಗುಲಿಯ ಮೇಲೆ ಕೂರಿಸಿದರು. ಗಾಳಿಗೆ ಮೆಲ್ಲಗೆ ಚೇತರಿಸಿಕೊಂಡರು. ಗಾಜು ಇಳಿಸಿಕೊಂಡೇ ಆಸ್ಪತ್ರೆಗೆ ಹೋದೆವು. ಅಲ್ಲಿ ಆಕ್ಸಿಜನ್ ಕೊಟ್ಟರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಗಾಜು ಹಾಕಿಕೊಂಡಿದ್ರಾ?"

ಕಾಣದ ವಿಷ

ಡಾಕ್ಟರು ವಿವರಿಸಿದ್ದು ಇಷ್ಟು. ಬೇಕಾದಷ್ಟು ಗಾಳಿ ಇಲ್ಲದೆ ಪೆಟ್ರೋಲಾಗಲಿ ಇದ್ದಿಲಾಗಲಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ತಿರುಗುತ್ತದೆಯಷ್ಟೇ. ಈ ಅನಿಲ ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆಗ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು, ಆಮೇಲೆ ಸಾವು. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಈ ಅನಿಲವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ನಮ್ಮ ಹಳೇ ಕಾರಿನಲ್ಲಿ ಅದಿಲ್ಲ. ಸಡಿಲವಾದ ಹೆಡರಿನಿಂದ ಸೋರಿದ ಅನಿಲ ಬಾನೆಟ್ ಒಳಗೆ ತುಂಬಿತ್ತು. ಇಂಜಿನ್ ಹಿಂದಿನ ತಗಡಿನಲ್ಲಿ ವೈರು ಹಾಯುವ ಒಂದು ತೂತಿಗೆ ರಬ್ಬರ್ ಹಾಕಲು ಮರೆತಿದ್ದೆವು. ಆ ತೂತಿನಿಂದ ನೇರ ಅಜ್ಜಿ ಕಾಲ ಬಳಿಗೆ ಬಂದಿದೆ. ಗಾಜು ಮುಚ್ಚಿದ್ದರಿಂದ ಹೊರಗೆ ಹೋಗಲು ದಾರಿಯಿಲ್ಲ. ಆ ರಬ್ಬರನ್ನು ತೊಳೆದು ಡಬ್ಬಿಗೆ ಹಾಕಿದ್ದವನು ನಾನೇ. ಎತ್ತಿಕೊಡುವುದನ್ನು ಮರೆತಿದ್ದೆ. ಅದನ್ನು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಸರಿಪಡಿಸಿದ ಬಗೆ

ಹೆಡರನ್ನು ಬಿಚ್ಚಿ, ಇನ್‌ಲೆಟ್ಟಿನಷ್ಟೇ ದಪ್ಪದ ಹೊಸ ಫ್ಲಾಂಜ್ ಹಾಕಿಸಿದರು. ಬಿಚ್ಚಿದಾಗ ಸೋರಿದ ಜಾಗದಲ್ಲಿ ಮಸಿಯ ಗೆರೆ ಸ್ಪಷ್ಟವಾಗಿ ಕಂಡಿತು. ಮತ್ತೆ ಜೋಡಿಸಿದ ಮೇಲೆ ಇಂಜಿನ್ ತಣ್ಣಗಿರುವಾಗಲೇ ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿ, ಬಯಲಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿದರು. ಸೈಕಲ್ ಟ್ಯೂಬಿನ ಪಂಚರ್ ಹುಡುಕುವ ಹಾಗೇ, ಗುಳ್ಳೆ ಬಂದರೆ ಸೋರುತ್ತಿದೆ ಎಂದರ್ಥ. ಒಂದು ಗುಳ್ಳೆಯೂ ಬರಲಿಲ್ಲ. ಟಿಕ್ ಟಿಕ್ ಸದ್ದೂ ಇಲ್ಲ. ನಾಲ್ಕಾರು ಸಲ ಓಡಿಸಿ, ತಣ್ಣಗಾದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿದರು. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳುವ ಊರಿನವರು ನಾವು. ಇಂಜಿನ್ ಸದ್ದನ್ನು ಮಾತ್ರ ಕೇಳಿಯೂ ಕೇಳದ ಹಾಗಿದ್ದೆವು.

ಇಂಜಿನ್ ಬದಲಾದರೆ ಆರ್.ಸಿ.ಯಲ್ಲಿರುವ ಇಂಜಿನ್ ನಂಬರೂ ಬದಲಾಗಬೇಕು. ವಾಹನದಲ್ಲಿ ಮಾಡುವ ಬದಲಾವಣೆಗಳ ಬಗ್ಗೆ ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೇ ಕಲಮಿನಲ್ಲಿ ಹೇಳಿದೆ. ಚಿಕ್ಕಪ್ಪ ಅದಕ್ಕಾಗಿ ತಿಪಟೂರಿನ ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಟ್ಟಿದ್ದರು. ಇನ್ನೊಂದು ಮಾತು. ಹೆಡರ್ ಹಾಕಿದವರು ಜೋರು ಸದ್ದು ಬರಲೆಂದು ಸೈಲೆನ್ಸರ್ ಕಿತ್ತುಹಾಕುವುದುಂಟು. ಅದು ಕಾನೂನಿಗೂ ವಿರುದ್ಧ, ಊರಿನ ಕಿವಿಗೂ ವಿರುದ್ಧ.

ನೆನಪಿಡಿ

* ಮುಚ್ಚಿದ ಶೆಡ್ಡಿನಲ್ಲಿ ಕಾರು, ಬೈಕು, ಪಂಪಿನ ಇಂಜಿನ್ ಯಾವುದನ್ನೂ ಓಡುತ್ತಾ ಬಿಡಬೇಡಿ. ಪಂಪ್‌ಮನೆಯ ಹೊಗೆ ಕೊಳವೆ ಗೋಡೆಯ ಆಚೆಗೆ ಇರಲಿ.
* ಚಳಿಗೆಂದು ಕೋಣೆಯ ಬಾಗಿಲು ಹಾಕಿಕೊಂಡು ಕರಟದ ಕೆಂಡ ಇಟ್ಟುಕೊಂಡು ಮಲಗಬೇಡಿ. ಅಲ್ಲೂ ಅದೇ ವಿಷ.
* ಓಡಿ ಬಂದ ಗಾಡಿಯನ್ನು ತೋಟದಲ್ಲಿ ಒಣ ಗರಿ, ಮಟ್ಟೆ, ನಾರಿನ ಮೇಲೆ ನಿಲ್ಲಿಸಬೇಡಿ. ಬಿಸಿ ಪೈಪಿಗೆ ತಗುಲಿದರೆ ಬೆಂಕಿ ಹತ್ತುತ್ತದೆ.
* ಗಾಡಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು ಬಂದರೆ ತಕ್ಷಣ ಗಾಜು ಇಳಿಸಿ, ಗಾಡಿ ನಿಲ್ಲಿಸಿ, ಹೊರಗೆ ಬನ್ನಿ. ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಹೊಗೆಯೇ ಕಾಣದೆ ವಿಷ ಇರುತ್ತದೆ ಎಂಬುದನ್ನು ನಾನು ಈ ವರ್ಷ ಕಲಿತೆ. ಅಜ್ಜಿ ಈಗ ಚೆನ್ನಾಗಿದ್ದಾರೆ. ಕಾರು ಹತ್ತುವ ಮುಂಚೆ ಮಾತ್ರ "ಪೈಪು ನೋಡಿದೀಯೇನ್ಲಾ?" ಅಂತ ಚಿಕ್ಕಪ್ಪನನ್ನು ಕೇಳದೆ ಹತ್ತುವುದಿಲ್ಲ. ನಾನು ಆಗಲೇ ಬಾನೆಟ್ ಎತ್ತಿ ನೋಡಿರುತ್ತೇನೆ.

(೯ನೇ ತರಗತಿ. ಸಂಶಯಗಳಿದ್ದರೆ ಚೀಟಿ ಬರೆದು ಪ್ರಶ್ನೆ ಪೆಟ್ಟಿಗೆಗೆ ಹಾಕಿರಿ. ಮುಂದಿನ ಸಂಚಿಕೆಯಲ್ಲಿ ವಿಜ್ಞಾನ ಗುರುಗಳನ್ನು ಕೇಳಿ ಉತ್ತರ ಬರೆಯುತ್ತೇನೆ.)